ಹತ್ತಿ ಆರುತ್ತಿದ್ದ ಮೂರು ದೀಪಗಳು

ಹೋದ ವರ್ಷ ಶ್ರಾವಣ ಮುಗಿದ ಮೇಲೆ ಶುರುವಾಗಿ, ಸೀಗಿ ಹುಣ್ಣಿಮೆಯ ಹೊತ್ತಿಗೆ ಒಂದು ದಡ ಮುಟ್ಟಿದ ಸಂಗತಿ ಇದು. ಆಗ ನಮ್ಮ ಅತ್ತೆಗೆ ಡಯಾಲಿಸಿಸ್ ಶುರುವಾಗಿ ಒಂದು ವರ್ಷ ಆಗುತ್ತ ಬಂದಿತ್ತು. ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ವಾರದಲ್ಲಿ ಮಂಗಳವಾರ ಮತ್ತು ಶುಕ್ರವಾರ ಬಬಲೇಶ್ವರದಿಂದ ವಿಜಯಪುರಕ್ಕೆ ಕರೆದುಕೊಂಡು ಹೋಗಬೇಕು. ನಾಲ್ಕು ತಾಸು ಅವರು ಒಳಗೆ ಮಷೀನಿಗೆ ಕೈ ಕೊಟ್ಟು ಮಲಗಬೇಕು, ನಾನು ಹೊರಗೆ ಬೆಂಚಿನ ಮೇಲೆ ಕೂಡಬೇಕು. ಆಮೇಲೆ ಹಿಂಡಿದ ಬಟ್ಟೆಯ ಹಾಗೆ ಆಗಿರುತ್ತಿದ್ದ ಅವರನ್ನು ಮನೆಗೆ ಕರೆತಂದು, ಮಲಗಿಸಿ, ಸಂಜೆಯ ರೊಟ್ಟಿಗೆ ಹಿಟ್ಟು ನಾದಬೇಕು.

ನಮ್ಮ ಮನೆಯವರದು ಬೀಜ ಮತ್ತು ಗೊಬ್ಬರದ ಅಂಗಡಿ. ಬಿತ್ತುವ ದಿನಗಳಲ್ಲಿ ಅಂಗಡಿ ಬಿಟ್ಟು ಕದಲುವ ಹಾಗಿಲ್ಲ. ಮೊದಮೊದಲು ನಾನೂ ಅತ್ತೆಯೂ ಬಸ್ಸಿನಲ್ಲೇ ಹೋಗುತ್ತಿದ್ದೆವು. ಮರಳಿ ಬರುವಾಗ ಅವರಿಗೆ ತಲೆ ತಿರುಗಿ, ಒಂದು ಸಲ ಬಸ್ ನಿಲ್ದಾಣದಲ್ಲೇ ನನ್ನ ತೊಡೆಯ ಮೇಲೆ ಮಲಗಿಬಿಟ್ಟಿದ್ದರು. ಅದನ್ನು ಕೇಳಿ ಬಿಜ್ಜರಗಿಯ ನನ್ನ ಅಣ್ಣ ಯುಗಾದಿಯ ಹೊತ್ತಿಗೆ ತನ್ನ ಹಳೆಯ ಕಾರನ್ನು ನಮಗೆ ಬಿಟ್ಟುಕೊಟ್ಟ. ಅವನ ದ್ರಾಕ್ಷಿ ತೋಟದ ದಾರಿಯಲ್ಲೇ ನಾನು ಓಡಿಸುವುದನ್ನು ಕಲಿತೆ. ನಲವತ್ತು ದಾಟಿದ ಮೇಲೆ ಕಲಿತ ವಿದ್ಯೆ. ದೇವರು ಕೊಟ್ಟ ಸಣ್ಣ ಉಪಕಾರಗಳಲ್ಲಿ ಅದೂ ಒಂದು ಅಂತ ಇವತ್ತಿಗೂ ಕೈ ಮುಗಿಯುತ್ತೇನೆ.

ಗಾಡಿ ಮನೆಗೆ ಬಂದ ದಿನ ಅತ್ತೆ ಅದಕ್ಕೆ ದೃಷ್ಟಿ ತೆಗೆದು, "ಮುಂದ ನಿಂಬಿಹಣ್ಣ ಕಟ್ಟಸ್ರಿ. ಹೆಣ್ಣಮಗಳು ಗಾಡಿ ಹೊಡೀತಾಳ ಅಂದ್ರ ಊರ ಕಣ್ಣೆಲ್ಲ ಆಕಿ ಮ್ಯಾಲ ಇರ್ತಾವು," ಅಂದರು.

"ಬ್ಯಾಡ್ಬೇ ಯವ್ವಾ," ಅಂದರು ನಮ್ಮ ಮನೆಯವರು. "ಎಲ್ಲಾ ಪ್ಲಾಸ್ಟಿಕ್ ಐತಿ, ಕಟ್ಟಾಕ ಜಾಗಾನ ಇಲ್ಲ. ರಸ ಸೋರಿ ಬಣ್ಣ ಹಾಳಾಗ್ತೈತಿ."

ಅತ್ತೆ ಸುಮ್ಮನಾದರು. ಅವರು ಸುಮ್ಮನಾದರೆ ಒಪ್ಪಿಕೊಂಡರು ಅಂತ ಅರ್ಥವಲ್ಲ. ಅದು ಮನೆಯವರಿಗೆಲ್ಲ ಗೊತ್ತಿದ್ದ ಮಾತೇ. ಆದರೆ ಆ ದಿನ ಯಾರೂ ಅದರ ಬಗ್ಗೆ ಯೋಚಿಸಲಿಲ್ಲ.

ನಾಲ್ಕೈದು ತಿಂಗಳು ಗಾಡಿ ಚೆನ್ನಾಗಿಯೇ ಓಡಿತು. ಶ್ರಾವಣ ಮುಗಿದ ಮೊದಲ ಮಂಗಳವಾರ ಆಸ್ಪತ್ರೆಯ ಗೇಟಿನೊಳಗೆ ತಿರುಗಿಸಿದಾಗ ಸ್ಟೀರಿಂಗಿನ ಹಿಂದೆ ಟಣ್ ಅಂತ ಸದ್ದಾಯಿತು. ನೋಡಿದರೆ ಮೂರು ದೀಪ. ಒಂದು ಹಳದಿ, ಅದರೊಳಗೆ ಇಂಗ್ಲಿಷ್ ಅಕ್ಷರ. ಇನ್ನೊಂದೂ ಹಳದಿ, ಅದರಲ್ಲಿ ಜಾರಿ ಹೋಗುವ ಕಾರಿನ ಚಿತ್ರ, ಹಿಂದೆ ಹಾವು ಹರಿದಂಥ ಗೆರೆ. ಮೂರನೆಯದು ಕೆಂಪು, ಬ್ರೇಕಿನದು. ಅತ್ತೆಯನ್ನು ಇಳಿಸಿ, ಗಾಡಿ ಬಂದ್ ಮಾಡಿ, ಮನಸ್ಸಿನಲ್ಲೇ ನಮ್ಮ ಮನೆದೇವರು ವೀರಭದ್ರನನ್ನು ನೆನೆದು ಮತ್ತೆ ಕೀಲಿ ತಿರುವಿದೆ. ಎಲ್ಲ ದೀಪ ಒಂದು ಗಳಿಗೆ ಹತ್ತಿ, ಆರಿಹೋದವು. ಏನೂ ಆಗಿಲ್ಲವೆಂಬಂತೆ ಗಾಡಿ ಗುರುಗುಟ್ಟುತ್ತ ನಿಂತಿತು.

ಮನೆಗೆ ಬಂದು ಹೇಳಿದರೆ ನಮ್ಮ ಮನೆಯವರು ಸಂಜೆ ತಾವೇ ಓಡಿಸಿಕೊಂಡು ಕಾಖಂಡಕಿಯ ಹಾದಿಯಲ್ಲಿ ಒಂದು ಸುತ್ತು ಹೋಗಿ ಬಂದರು. "ಏನೂ ಹತ್ತಲಿಲ್ಲಲ್ಲಬೇ. ನಿನಗ ಬಿಸಲಿಗೆ ಏನರ ಕಂಡಿರಬೇಕು," ಅಂದರು.

ಶುಕ್ರವಾರ ಮತ್ತೆ ಹತ್ತಿತು. ಅದರ ಮುಂದಿನ ಮಂಗಳವಾರ ಹತ್ತಲಿಲ್ಲ. ಶುಕ್ರವಾರ ಹೋಗುವಾಗ ಇಲ್ಲ, ಬರುವಾಗ ಹತ್ತಿತು. ಒಂದು ಸಲ ಹತ್ತಿದರೆ ಗಾಡಿ ಬಂದ್ ಮಾಡುವ ತನಕ ಆರುತ್ತಿರಲಿಲ್ಲ. ಬಂದ್ ಮಾಡಿ ಚಾಲೂ ಮಾಡಿದರೆ ಇರುತ್ತಿರಲಿಲ್ಲ. ನಮ್ಮ ಊರಿನ ಗ್ಯಾರೇಜಿನವನು ಬ್ರೇಕ್ ಆಯಿಲ್ ನೋಡಿದ, ಚಕ್ರ ಬಿಚ್ಚಿ ಬ್ರೇಕ್ ಪ್ಯಾಡ್ ನೋಡಿದ, ಎಲ್ಲ ಸರಿ ಇದೆ ಅಂದ. ವಿಜಯಪುರದ ಒಂದು ದೊಡ್ಡ ವರ್ಕ್‌ಶಾಪಿಗೆ ತೋರಿಸಿದೆವು. ಅಲ್ಲಿ ಕಂಪ್ಯೂಟರ್ ಹಚ್ಚಿ, "ಮುಂದಿನ ಎಡಗಾಲಿ ಸೆನ್ಸರ್ ತೋರಸಾಕತ್ತೈತ್ರಿ. ಗಾಲಿ ಎಷ್ಟು ಜೋರ ತಿರುಗತೈತಿ ಅಂತ ಸುದ್ದಿ ಕೊಡೂದು ಅದು. ಆದ್ರ ಈಗ ಚೆಕ್ ಮಾಡಿದ್ರ ಸರಿ ಐತಿ," ಅಂದರು. ಧೂಳು ಕೂತಿರಬೇಕು ಅಂತ ಅದನ್ನು ಒರೆಸಿ, ಕಂಪ್ಯೂಟರಿನೊಳಗಿನ ತಪ್ಪನ್ನೂ ಅಳಿಸಿ, ಮೇನ್ ರೋಡಿಗೆ ಒಯ್ದು ಓಡಿಸಿ ತಂದುಕೊಟ್ಟರು. "ಮತ್ತ ಹತ್ತಿದಾಗ ಹಂಗ ತಗೊಂಡ ಬರ್ರಿ."

ಹತ್ತಿದಾಗ ಹಾಗೆಯೇ ತೆಗೆದುಕೊಂಡು ಹೋಗುವುದು ಹೇಗೆ? ಹಿಂದಿನ ಸೀಟಿನಲ್ಲಿ ಅತ್ತೆ ಕಣ್ಣು ಮುಚ್ಚಿ ಒರಗಿರುತ್ತಾರೆ. ಮನೆಯಲ್ಲಿ ಮಕ್ಕಳಿಬ್ಬರೂ ಶಾಲೆ ಬಿಟ್ಟು ಬಂದಿರುತ್ತಾರೆ. ನಾನು ದೀಪ ನೋಡುತ್ತಲೇ ಓಡಿಸುತ್ತಿದ್ದೆ. ರಸ್ತೆ ಅರ್ಧ, ದೀಪ ಅರ್ಧ. ಆ ದಿನಗಳಲ್ಲಿ ನನಗಾದ ದಣಿವು ಮೈಯದಲ್ಲ, ಆ ಕಾಯುವಿಕೆಯದು. ಹತ್ತುತ್ತದೋ ಇಲ್ಲವೋ ಅಂತ ಕಾಯುವುದಕ್ಕಿಂತ ಹತ್ತಿಯೇ ಇರಲಿ ಅನ್ನಿಸುತ್ತಿತ್ತು.

"ಗಾಡಿಗೆ ನಿನ್ನ ಮ್ಯಾಲ ಸಿಟ್ಟ ಐತಿ ನೋಡು," ಅಂತ ನಮ್ಮ ಮನೆಯವರು ನಗೆಯಾಡುತ್ತಿದ್ದರು. "ನಾ ಕುಂತ್ರ ಶ್ಯಾಣ್ಯಾ ಹುಡುಗನಂಗ ಇರ್ತೈತಿ."

"ನೀವ ಹೊಡಕೊಂಡ ಹೋಗ್ರಿ ಹಂಗಾರ," ಅಂದೆ ನಾನು. ಅವರು ನಗುವುದನ್ನು ನಿಲ್ಲಿಸಿ ಅಂಗಡಿಗೆ ಹೋದರು.

ಅತ್ತೆ ಮಾತ್ರ ನಗುತ್ತಿರಲಿಲ್ಲ. ಟಣ್ ಅಂದ ಕೂಡಲೇ ಅವರು ಕಣ್ಣು ತೆರೆದು, "ಹತ್ತಿತೇನ?" ಅಂತ ಕೇಳುತ್ತಿದ್ದರು. ಹೌದು ಅಂದರೆ, "ಗಾಡಿನೂ ಬ್ಯಾಡ ಅನ್ನಾಕತ್ತೈತಿ. ಆ ದೇವರ ಇದರೊಳಗ ಕುಂತು ಹೇಳಾಕತ್ತಾನ. ನಾವ ತಿಳಕೋವಲ್ವಿ," ಅನ್ನುತ್ತಿದ್ದರು. ಮೊದಲು ನಾನು ಅದನ್ನು ಹಗುರವಾಗಿ ತೆಗೆದುಕೊಂಡೆ. ಆಮೇಲಾಮೇಲೆ ಬೆಳಿಗ್ಗೆ ದೇವರ ಮುಂದೆ ಕೂತಾಗ ನನಗೂ ಅದೇ ಮಾತು ನೆನಪಾಗತೊಡಗಿತು. ನಂಬುವ ಜೀವ ನನ್ನದು. ಯಾವ ಮಾತನ್ನು ದೇವರು ಹೇಳುತ್ತಾನೆ, ಯಾವುದನ್ನು ನಾವೇ ಹೇಳಿಕೊಳ್ಳುತ್ತೇವೆ, ಅದನ್ನು ಬೇರೆ ಮಾಡುವುದು ನನ್ನಂಥವಳಿಗೆ ಸುಲಭವಲ್ಲ.

ಮಹಾನವಮಿಗೆ ಕೆಲವು ದಿನ ಮೊದಲಿನ ಮಂಗಳವಾರ. ಆಸ್ಪತ್ರೆಯಿಂದ ಹೊರಬೀಳುವಾಗಲೇ ದೀಪ ಹತ್ತಿತು. ಮೋಡ ಕವಿದಿತ್ತು, ಅತ್ತೆಗೆ ಅವತ್ತು ಬಹಳ ನಿತ್ರಾಣ. ನಿಲ್ಲಿಸಿ ಬಂದ್ ಮಾಡಿ ಚಾಲೂ ಮಾಡುವ ತಾಳ್ಮೆಯೂ ನನ್ನಲ್ಲಿ ಉಳಿದಿರಲಿಲ್ಲ. ಹಾಗೆಯೇ ಹೊರಟೆ. ಊರು ಹತ್ತಿರ ಬಂದಾಗ ಹನಿ ಶುರುವಾಯಿತು. ಒಂದು ತಿರುವಿನಾಚೆ ರಸ್ತೆ ತುಂಬ ಕುರಿಗಳು. ಬ್ರೇಕ್ ಒತ್ತಿದೆ. ಗಾಲಿಗಳು ನಿಂತವು, ಗಾಡಿ ನಿಲ್ಲಲಿಲ್ಲ. ಎಣ್ಣೆ ಚೆಲ್ಲಿದ ನೆಲದ ಮೇಲೆ ಕಾಲಿಟ್ಟ ಹಾಗೆ ಸರ್ರನೆ ಜಾರುತ್ತ ಹೋಯಿತು. ಸ್ಟೀರಿಂಗ್ ತಿರುವಿದರೂ ಗಾಡಿ ತಿರುಗಲಿಲ್ಲ. ರಸ್ತೆ ಬದಿಯ ಮಣ್ಣಿಗೆ ಗಾಲಿ ಸಿಕ್ಕು ನಿಂತಾಗ ಒಂದು ಕುರಿ ನಮ್ಮ ಗಾಡಿಯ ಮೂತಿಯನ್ನು ಮೂಸುವಷ್ಟು ಹತ್ತಿರ ಇತ್ತು.

ಕುರಿಯವನು ಕೋಲು ಊರಿ ಬಂದು ಕಿಟಕಿಯಲ್ಲಿ ಬಗ್ಗಿದ. ಬಯ್ಯುತ್ತಾನೆ ಅಂದುಕೊಂಡೆ. ಅವನು ನನ್ನನ್ನೂ ಹಿಂದಿನ ಸೀಟಿನ ಅತ್ತೆಯನ್ನೂ ನೋಡಿ, "ಯಕ್ಕಾ, ಸ್ವಲ್ಪ ನೀರ ಕುಡಿ. ಕುರಿ ಎಲ್ಲೂ ಓಡಿ ಹೋಗೂದಿಲ್ಲ, ನೀನೂ ಓಡಬ್ಯಾಡ," ಅಂದ. ಯಾವ ಕುರಿಗೂ ಏನೂ ಆಗಿರಲಿಲ್ಲ. ಅದೂ ಒಂದು ಉಪಕಾರವೇ.

ಮನೆಗೆ ಬಂದ ಮೇಲೆ ಅತ್ತೆ ಹಾಸಿಗೆಯ ಮೇಲೆ ಕೂತು ನಿಧಾನವಾಗಿ ಹೇಳಿದರು. "ಇನ್ನ ನಾ ಬರೂದಿಲ್ಲ. ಮೂರು ದೀಪ ಹಚ್ಚಿ ತೋರಿಸಿದ, ಕೇಳಲಿಲ್ಲ. ಇವತ್ತ ದಾರ್ಯಾಗ ನಿಂದ್ರಿಸಿ ತೋರಿಸ್ಯಾನ. ಸಾಕು."

ನಾನು, ನಮ್ಮ ಮನೆಯವರು, ಕೊನೆಗೆ ಬಿಜ್ಜರಗಿಯಿಂದ ಬಂದ ಅಣ್ಣ, ಎಲ್ಲರೂ ಹೇಳಿ ನೋಡಿದೆವು. ಬಾಡಿಗೆ ಗಾಡಿ ಮಾಡೋಣ ಅಂದೆವು. "ಗಾಡಿ ಯಾವದಾದ್ರ ಏನು, ಹೋಗೂಕಿ ನಾನ ಅಲ್ಲೇನು," ಅಂದರು. ಶುಕ್ರವಾರ ಹೋಗಲಿಲ್ಲ. ಶನಿವಾರ ಕಾಲು ಬಾತವು. ಭಾನುವಾರ ಮುಖ ಊದಿ, ಮಲಗಿದರೆ ಉಸಿರು ಕಟ್ಟಿ, ದಿಂಬುಗಳಿಗೆ ಒರಗಿ ಕೂತೇ ಇದ್ದರು. ಆಸ್ಪತ್ರೆಯ ನರ್ಸಿಗೆ ಫೋನ್ ಮಾಡಿದರೆ, "ಶ್ವಾಸಕೋಶದಾಗ ನೀರ ತುಂಬ್ತೈತ್ರಿ. ಇನ್ನೊಂದ ಸಲ ತಪ್ಪಿಸಿದ್ರ ನಮ್ಮ ಕೈಯಾಗ ಇರೂದಿಲ್ಲ. ಮಂಗಳವಾರದ ತನಕ ಕಾಯಬ್ಯಾಡ್ರಿ, ನಾಳೆನ ಕರಕೊಂಡ ಬರ್ರಿ," ಅಂದಳು.

ಸೋಮವಾರ ಬೆಳಿಗ್ಗೆ ನಾನು ಅವರ ಮುಂದೆ ಕೂತು ಅತ್ತುಬಿಟ್ಟೆ. ಬೇಕಂತ ಅತ್ತದ್ದಲ್ಲ, ಬಂದುಬಿಟ್ಟಿತು. ಅವರು ಸೆರಗಿನಿಂದ ನನ್ನ ಮುಖ ಒರೆಸಿ ಅಂದರು: "ನೀ ಅಳತಿ ಅಂತ ಇವತ್ತೊಂದ ಸಲ ಬರ್ತೇನಿ. ಆ ದೀಪ ಮತ್ತ ಹತ್ತಿತಂದ್ರ, ಮುಂದ ನನ್ನ ಕೇಳಬ್ಯಾಡ. ಮಾತ ಕೊಡು."

ಏನು ಮಾಡಲಿ, ಕೊಟ್ಟೆ. ನಮ್ಮ ಮನೆಯವರು ಆ ದಿನ ಮುಂದಿನ ಸೀಟಿನಲ್ಲಿ ಕೂತು ಬರುತ್ತೇನೆ ಅಂದರು. ಅಂಗಡಿಗೆ ಮಾಲಿನ ಲಾರಿ ಬಂದು ನಿಂತಿತು. ಮತ್ತೆ ನಾವಿಬ್ಬರೇ.

ದಾರಿಯುದ್ದಕ್ಕೂ ನಾಮಸ್ಮರಣೆ ಮಾಡುತ್ತ ಓಡಿಸಿದೆ. ದೀಪ ಹತ್ತಲಿಲ್ಲ. ವಿಜಯಪುರ ಹೊಕ್ಕೆವು, ಹತ್ತಲಿಲ್ಲ. ಆಸ್ಪತ್ರೆಯ ಗೇಟು ಇಕ್ಕಟ್ಟು. ಒಳಗೆ ಹೋದ ಕೂಡಲೇ ರೋಗಿಗಳನ್ನು ಇಳಿಸುವ ಏರಿಗೆ ಸ್ಟೀರಿಂಗನ್ನು ಪೂರಾ ಎಡಕ್ಕೆ ಎಳೆದು ತಿರುವಬೇಕು. ತಿರುವಿದೆ. ಟಣ್ ಅಂತು.

ಅತ್ತೆ ಏನೂ ಕೇಳಲಿಲ್ಲ. ಸದ್ದು ಅವರಿಗೂ ಕೇಳಿಸಿತ್ತು. ಇಳಿಯುವಾಗ ನನ್ನ ಭುಜದ ಮೇಲೆ ಕೈಯಿಟ್ಟು, "ಇರಲಿ ಬಿಡು," ಅಂದರಷ್ಟೆ. ಅವರನ್ನು ಒಳಗೆ ಮಲಗಿಸಿ ಬಂದು ಗಾಡಿಯಲ್ಲೇ ಕೂತೆ. ಅಳುವುದಕ್ಕೂ ಶಕ್ತಿ ಇರಲಿಲ್ಲ. ಸ್ಟೀರಿಂಗ್ ಇನ್ನೂ ಎಡಕ್ಕೇ ಹೊರಳಿತ್ತು. ಅದನ್ನು ನೋಡುತ್ತ ನೋಡುತ್ತ, ಯಾಕೋ ನನಗೆ ನಮ್ಮ ಅಡುಗೆಮನೆಯ ಮಿಕ್ಸರ್ ನೆನಪಾಯಿತು. ಅದರ ವೈರು ಒಳಗೆ ಹರಿದಿದ್ದಾಗ ಹೀಗೇ ಮಾಡುತ್ತಿತ್ತು. ವೈರನ್ನು ನೆಟ್ಟಗೆ ಬಿಟ್ಟರೆ ತಿರುಗುತ್ತಿತ್ತು, ಒಂದು ಕಡೆ ಬಗ್ಗಿಸಿದರೆ ನಿಲ್ಲುತ್ತಿತ್ತು. ಹೊರಗಿನಿಂದ ನೋಡಿದರೆ ಏನೂ ಆಗಿರಲಿಲ್ಲ.

ದೀಪ ಎಲ್ಲೆಲ್ಲಿ ಹತ್ತಿತ್ತು ಅಂತ ಒಂದೊಂದೇ ನೆನಪು ಮಾಡಿಕೊಂಡೆ. ಇಲ್ಲೇ, ಈ ಗೇಟಿನಲ್ಲಿ. ಹೊರಗೆ ಹೋಗುವಾಗ ಇದೇ ಗೇಟಿನಲ್ಲಿ. ನಮ್ಮ ಓಣಿಯೊಳಗೆ ಹೊರಳುವ ಮೂಲೆಯಲ್ಲಿ ಒಂದೆರಡು ಸಲ. ನೆಟ್ಟಗಿನ ರಸ್ತೆಯಲ್ಲಿ ಒಂದು ಸಲವೂ ಹತ್ತಿರಲಿಲ್ಲ. ನಮ್ಮ ಮನೆಯವರು ಹೋಗಿದ್ದು ಕಾಖಂಡಕಿಯ ನೆಟ್ಟಗಿನ ದಾರಿ. ವರ್ಕ್‌ಶಾಪಿನವರು ಓಡಿಸಿದ್ದು ಮೇನ್ ರೋಡು. ಪೂರಾ ಎಡಕ್ಕೆ ಎಳೆದು ತಿರುವುತ್ತಿದ್ದವಳು ನಾನೊಬ್ಬಳೇ.

ಡಯಾಲಿಸಿಸ್ ಮುಗಿದ ಮೇಲೆ ಅತ್ತೆಯ ಮುಖದ ಬಾವು ಇಳಿದಿತ್ತು. ಎಳನೀರಾಗಲಿ ಹಣ್ಣಾಗಲಿ ಅವರಿಗೆ ಕೊಡುವ ಹಾಗಿಲ್ಲ. ತಂದಿದ್ದ ಎರಡು ಬಿಸ್ಕತ್ತು ತಿನ್ನಿಸಿ, "ಅತ್ತೀ, ಇಬ್ರಾಹಿಂಪುರದಾಗ ಒಬ್ಬ ಮಿಸ್ತ್ರಿ ಅದಾನಂತ. ಒಂದ ಗಳಿಗಿ ಹೋಗಿ ಬರೂಣು," ಅಂದೆ.

"ಇನ್ನ ಯಾಕ ಬೇ ಅದು?"

"ನೀವ ಬರಲಿಲ್ಲಂದ್ರೂ ನಾ ಮಕ್ಕಳನ್ನ ಕರಕೊಂಡ ಅಡ್ಡಾಡಬೇಕಲ್ರಿ."

ಅತ್ತೆ ತಾವೇ ಹಿಂದಿನ ಬಾಗಿಲು ತೆಗೆದು ಕೂತರು.

ವಿಜಯಪುರದ ಅಂಚಿನ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಈಚೆ ತಗಡಿನ ಶೆಡ್ಡು. ಮಿಸ್ತ್ರಿಯ ಹೆಸರು ಸಂಗಪ್ಪ. ಬಾಯಲ್ಲಿ ಎಲೆ ಅಡಿಕೆ ತುಂಬಿಕೊಂಡು, ಬಂದವರನ್ನೆಲ್ಲ ಒಂದು ಮಾತು ಅಂದೇ ಕೆಲಸ ಶುರು ಮಾಡುವ ಮನುಷ್ಯ. ಅತ್ತೆಗೆ ಪ್ಲಾಸ್ಟಿಕ್ ಕುರ್ಚಿ ಕೊಟ್ಟು ನೆರಳಿನಲ್ಲಿ ಕೂಡಿಸಿದ. ನಾನು ಎಲ್ಲ ಹೇಳಿದೆ. ಅವನು ಕಂಪ್ಯೂಟರ್ ಹಚ್ಚಿದ. ಅದೇ ಎಡಗಾಲಿ.

"ಸೆನ್ಸರ್ ಬದಲಿ ಮಾಡಿಬಿಡೂಣ್ರಿ ಅಕ್ಕಾರ. ಎಲ್ಲಾರೂ ಅದನ್ನ ಮಾಡ್ತಾರ."

"ಮಾಡ್ರಿ. ಆದ್ರ ಮೊದಲ ಸ್ಟೀರಿಂಗ್ ಪೂರಾ ಎಡಕ್ಕ ತಿರುವಿ, ಆ ವೈರು ಜಗ್ಗಿ ನೋಡ್ರಿ. ನಮ್ಮ ಮಿಕ್ಸರ್ ಹಿಂಗ ಮಾಡ್ತಿತ್ತು."

ಅವನು ನಕ್ಕ. "ಮಿಕ್ಸರ್ ಅಂತೀರಿ. ಇದು ಕಾರ್ ಐತ್ರಿ."

"ವೈರು ವೈರ ಅಲ್ಲೇನ್ರಿ?"

ಅವನು ಉಗುಳಿ ಬಂದು, ಜಾಕ್ ಹಚ್ಚಿ ಮುಂದಿನ ಗಾಲಿ ಎತ್ತಿದ. ನನ್ನನ್ನು ಒಳಗೆ ಕೂಡಿಸಿ, ಗಾಡಿ ಚಾಲೂ ಇಟ್ಟು, ಸ್ಟೀರಿಂಗ್ ಎಡಕ್ಕೆ ಹಿಡಿದು ದೀಪ ನೋಡುತ್ತಿರಲು ಹೇಳಿದ. ತಾನು ಟಾರ್ಚ್ ಹಿಡಿದು ಗಾಲಿಯ ಹಿಂದೆ ಕೈ ಹಾಕಿದ.

"ಬಂತೇನ್ರಿ?"

"ಇಲ್ರಿ."

"ಈಗ?"

"ಇಲ್ಲ."

"ಮಿಕ್ಸರ್ ಚಲೋ ಐತಿ ಹಂಗಾರ," ಅಂದ. ಕೈ ಇನ್ನೂ ಒಳಗೆ ಹೋಯಿತು. ಟಣ್ ಅಂತು. ಮೂರೂ ದೀಪ.

"ಹತ್ತಿದ್ವು," ಅಂದೆ. ನನ್ನ ಜೀವಮಾನದಲ್ಲಿ ಆ ದೀಪ ಹತ್ತಿದ್ದಕ್ಕೆ ಸಂತೋಷಪಟ್ಟದ್ದು ಅದೊಂದೇ ಸಲ.

ಅವನು ಗಾಲಿಯ ಮೇಲಿನ ಪ್ಲಾಸ್ಟಿಕ್ ಮುಚ್ಚಳದ ಹಿಂದೆ, ಚಕ್ರ ಬಿಚ್ಚಿದರೂ ಕಾಣದ ಜಾಗದಲ್ಲಿ, ಏನನ್ನೋ ಬಿಡಿಸುತ್ತಿದ್ದ. ಕೊನೆಗೆ ಹೊರಗೆಳೆದು ಬೆಳಕಿಗೆ ಹಿಡಿದ. ನಿಂಬೆಹಣ್ಣು ಮತ್ತು ಮೆಣಸಿನಕಾಯಿಯ ಗೊಂಚಲು. ಒಂದಲ್ಲ, ಒಂದರ ಮೇಲೊಂದು ಕಟ್ಟಿದ್ದು. ಒಣಗಿ ಕರಿ ಕಲ್ಲಿನಂತಾಗಿದ್ದವು ಕೆಲವು, ಮೇಲಿನ ಒಂದೆರಡು ಇನ್ನೂ ಹಳದಿ. ನಡುವೆ ಇದ್ದಿಲ ತುಂಡು. ಎಲ್ಲವನ್ನೂ ಪೋಣಿಸಿದ್ದು ಸಣ್ಣ ಕಬ್ಬಿಣದ ತಂತಿಯಲ್ಲಿ. ಆ ತಂತಿಯನ್ನು ಸುತ್ತಿದ್ದು ನೇರವಾಗಿ ಸೆನ್ಸರಿನ ವೈರಿಗೆ.

"ಇಷ್ಟ ನಿಂಬಿಹಣ್ಣ ನಮ್ಮ ಮನ್ಯಾಗ ಇದ್ರ ವರ್ಷದ ಉಪ್ಪಿನಕಾಯಿ ಆಗ್ತಿತ್ತು," ಅಂದ ಸಂಗಪ್ಪ. "ಯಾರ್ರಿ ಇದನ್ನ ಕಟ್ಟಿದ ಶ್ಯಾಣ್ಯಾ? ಇದರ ಭಾರಕ್ಕ ಗಾಡಿ ಕುಣದಾಗೊಮ್ಮೆ ವೈರ ಜಗ್ಗೈತಿ. ಮ್ಯಾಲಿನ ರಬ್ಬರ್ ಹಂಗ ಐತಿ, ಒಳಗ ತಾಮ್ರ ಹರದ ಎರಡ ಎಳಿ ಉಳದಾವು. ನೆಟ್ಟಗಿದ್ರ ಕೂಡ್ತಾವು, ತಿರುವಿದ್ರ ಬಿಡ್ತಾವು."

"ನಾ ಕಟ್ಟಿಸೀನಿ," ಅಂದರು ಅತ್ತೆ.

ಅತ್ತೆ ನೆಲ ನೋಡುತ್ತ ತಾವೇ ಹೇಳಿದರು. ಅಮಾವಾಸ್ಯೆಗೊಮ್ಮೆ ನಮ್ಮ ಅಂಗಡಿಗೆ ನಿಂಬೆಹಣ್ಣು ಕಟ್ಟಲು ಒಬ್ಬ ಬರುತ್ತಾನೆ. ಅವನನ್ನು ಮನೆಯ ಹತ್ತಿರ ಕರೆದು ಗಾಡಿಗೂ ಕಟ್ಟಿಸುತ್ತಿದ್ದರು. ಹೊರಗೆ ಕಂಡರೆ ಮಗ ಬಯ್ಯುತ್ತಾನೆ ಅಂತ, ಕಾಣದ ಹಾಗೆ ಒಳಗೆ ಕಟ್ಟು ಅಂದಿದ್ದರು. ಗಾಲಿಯ ಹಿಂದೆ ಕೈ ಹಾಕಿದ ಅವನಿಗೆ ಕಟ್ಟಲು ಸಿಕ್ಕಿದ್ದು ಆ ಕರಿ ವೈರು ಒಂದೇ. ಹಳೆಯದನ್ನು ಬಿಚ್ಚಿದರೆ ಮೂರು ಹಾದಿ ಕೂಡುವಲ್ಲಿ ಹೋಗಿ ಚೆಲ್ಲಬೇಕು. ಅವರಿಗೆ ಅಷ್ಟು ದೂರ ನಡೆಯಲಾಗುವುದಿಲ್ಲ. ಹಾಗಾಗಿ ಹಳೆಯದರ ಮೇಲೇ ಹೊಸದು.

ಸಂಗಪ್ಪನ ಬಾಯಲ್ಲಿದ್ದ ಮುಂದಿನ ಚೇಷ್ಟೆಯ ಮಾತು ಅಲ್ಲೇ ನಿಂತಿತು. "ಕಟ್ಟಸ್ರಿ ಆಯಿ, ಯಾರ ಬ್ಯಾಡಂತಾರ," ಅಂದ. "ವೈರಿಗೆ ಒಂದ ಬಿಟ್ಟು ಬ್ಯಾರೆ ಎಲ್ಲ್ಯಾದ್ರೂ ಕಟ್ಟಸ್ರಿ. ಬ್ರೇಕ್ ಏನ ಪೂರಾ ಹೋಗಿರಲಿಲ್ಲ. ಗಾಲಿ ಸುದ್ದಿ ಬರಲಿಲ್ಲಂದ್ರ, ಒಮ್ಮೆಲೆ ಒತ್ತಿದಾಗ ಗಾಲಿ ಹಿಡದ ನಿಂತು ಗಾಡಿ ಜಾರ್ತೈತಿ. ಅದಕ್ಕ ಆ ದೀಪ."

ಹರಿದ ಜಾಗ ಕತ್ತರಿಸಿ, ಎಳೆ ಕೂಡಿಸಿ, ಬೆಸುಗೆ ಹಾಕಿ, ಮೇಲೆ ಕೊಳವೆ ಏರಿಸಿದ. ಸದ್ಯಕ್ಕೆ ಇದು, ಹೊಸ ವೈರು ತರಿಸಿ ಹಾಕುತ್ತೇನೆ ಅಂದ. ಆಮೇಲೆ ನನ್ನನ್ನೇ ಓಡಿಸಲು ಬಿಟ್ಟ. ಹಳಿಯ ಪಕ್ಕದ ಬಯಲಿನಲ್ಲಿ ಪೂರಾ ಎಡಕ್ಕೆ, ಪೂರಾ ಬಲಕ್ಕೆ, ಕಣದಲ್ಲಿ ಎತ್ತು ತಿರುಗಿದ ಹಾಗೆ ಸುತ್ತು ಹಾಕಿದೆ. ದೀಪ ಹತ್ತಲಿಲ್ಲ.

ಊರಿನ ದಾರಿಯಲ್ಲಿ ಅತ್ತೆ ಒಂದೇ ಮಾತಾಡಿದರು. ಮೂರು ಹಾದಿ ಕೂಡುವಲ್ಲಿ ನಿಲ್ಲಿಸು ಅಂದರು. ಕಾಗದದಲ್ಲಿ ಸುತ್ತಿದ್ದ ಆ ಗೊಂಚಲನ್ನು ನಾನೇ ಇಳಿದು ಇಟ್ಟು, ಹಿಂದಿರುಗಿ ನೋಡದೆ ಬಂದೆ. ಮನೆಯಲ್ಲಿ ನಮ್ಮ ಮನೆಯವರಿಗೆ ನಾನು ಬರೀ "ವೈರು ಹರಿದಿತ್ತು" ಅಂದೆ. ಪೂರ್ತಿ ಹೇಳಿದವರು ಅತ್ತೆಯೇ. ಮಗ ಬಯ್ಯಲಿಲ್ಲ. ಎದ್ದು ಹೋಗಿ ಗಾಡಿಯ ಮುಂದಿನ ಎಡಗಾಲಿಯ ಹಿಂದೆ ಬಗ್ಗಿ ನೋಡಿ ಬಂದರು.

ಆದರೆ ನನ್ನ ಚಿಂತೆ ಮುಗಿದಿರಲಿಲ್ಲ. ಆ ದಿನ ಗೇಟಿನಲ್ಲಿ ದೀಪ ಹತ್ತಿದ್ದು ಹತ್ತಿದ್ದೇ. ನಾನು ಕೊಟ್ಟ ಮಾತು ಕೊಟ್ಟದ್ದೇ. ಸೋಮವಾರವೇ ಮಾಡಿಸಿದ್ದರಿಂದ ಮುಂದಿನ ಪಾಳಿ ಶುಕ್ರವಾರ. ಬರುತ್ತೀರಾ ಅಂತ ಕೇಳಲು ಬಾಯಿ ಬರಲಿಲ್ಲ. ಅವರೂ ಹೇಳಲಿಲ್ಲ. ಮಹಾನವಮಿ ಬಂತು, ಹೋಯಿತು. ಬನ್ನಿ ಕೊಡಲು ಬಂದವರ ಕೂಡ ಅತ್ತೆ ಎರಡು ಮಾತಾಡಿ ಗೋಡೆಯ ಕಡೆ ಹೊರಳಿ ಮಲಗಿಬಿಡುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ರೊಟ್ಟಿ ಬಡಿದು, ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸಿ, ಗಾಡಿ ಹೊರಗೆ ತೆಗೆದು ನಿಲ್ಲಿಸಿದೆ. ಅತ್ತೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಮನೆಯಲ್ಲುಡುವ ಸೀರೆಯಲ್ಲೇ ಇದ್ದರು.

"ಮಾದೇವಿ, ಇಲ್ಲಿ ಕುಂಡ್ರ ಬಾ," ಅಂದರು.

"ಹೊತ್ತಾಗೈತ್ರಿ ಅತ್ತೀ."

"ಆಗ್ಲಿ, ಕುಂಡ್ರು." ಕೂತೆ. "ದೀಪ ನೋಡಿ ದೇವರು ಬ್ಯಾಡಂತಾನ ಅಂದೆನಲ್ಲ, ಅದು ನನ್ನ ಮಾತು. ದೇವರ ಹೆಸರ ಹೇಳಿದ್ರ ನೀ ಎದುರ ಮಾತಾಡೂದಿಲ್ಲ ಅಂತ ಗೊತ್ತಿತ್ತು."

"ಹಂಗಾರ ಯಾಕ ಅಂದ್ರಿ?"

"ಶ್ರಾವಣದಾಗ ಒಂದಿನ ನೀ ಹಂಚಿನ ಮುಂದ ಕುಂತಲ್ಲೇ ನಿದ್ದಿ ಹೋಗಿದ್ದಿ. ರೊಟ್ಟಿ ಹೊತ್ತಾಕತ್ತಿತ್ತು, ನಿನಗ ಖಬರ ಇರಲಿಲ್ಲ. ನಾ ಒಳಗಿನಿಂದ ನೋಡಿದೆ. ಕೂಗಾಕ ಮನಸ ಆಗ್ಲಿಲ್ಲ. ಹಂಗ ನಿದ್ದಿಗಣ್ಣಾಗ ನನ್ನ ಕುಂಡ್ರಿಸಿಕೊಂಡ ಗಾಡಿ ಹೊಡೀತಿ. ನಿನಗ ಎರಡ ಮಕ್ಕಳದಾವು. ಆ ನಿಂಬಿಹಣ್ಣ ನನಗಂತ ಕಟ್ಟಿಸಿದ್ದಲ್ಲ." ನನ್ನ ಕಡೆ ಹೊರಳಿ ಕೇಳಿದರು, "ನಿನಗ ಸಾಕಾಗಿಲ್ಲೇನು? ವಿಭೂತಿ ಹಚಗೊಂಡ ಕುಂತೀನಿ, ಸುಳ್ಳ ಹೇಳಬ್ಯಾಡ."

ಒಂದು ವರ್ಷದಿಂದ ಯಾರು ಕೇಳಿದರೂ ನಾನು "ಏನಿಲ್ರಿ" ಅಂತಲೇ ಹೇಳುತ್ತ ಬಂದವಳು. ಅವತ್ತು ಆ ಮಾತು ಬಾಯಿಗೆ ಬರಲಿಲ್ಲ.

"ಸಾಕಾಗೈತ್ರಿ ಅತ್ತೀ," ಅಂದೆ. "ಆ ಬೆಂಚಿನ ಮ್ಯಾಲ ಕುಂತು ಕುಂತು ಸೊಂಟ ಹೋಗೈತಿ. ಮಂಗಳವಾರ ಬಂತಂದ್ರ ಏಳಾಕ ಮನಸ ಆಗೂದಿಲ್ಲ."

"ಹಂಗಾರ ಬಿಟ್ಟಬಿಡು ಮತ್ತ."

"ರೊಟ್ಟಿ ಬಡದೂ ಸಾಕಾಗೈತ್ರಿ. ಹಂಗಂತ ಒಲಿ ಆರಿಸಿ ಕುಂತೇನೇನು? ನನಗ ಸಾಕಾಗೂದು ಬ್ಯಾರೆ, ನೀವು ಬ್ಯಾಡಾಗೂದು ಬ್ಯಾರೆ."

ಅತ್ತೆ ಬೀದಿಯ ಕಡೆ ನೋಡುತ್ತ ಕೂತರು. ನಾನೂ ಕೂತೆ. ಹಾಲಿನವನ ಸೈಕಲ್ಲು ಹೋಯಿತು. ಆಮೇಲೆ ಅವರು ಮೊಣಕಾಲಿನ ಮೇಲೆ ಕೈಯೂರಿ ನಿಧಾನಕ್ಕೆ ಎದ್ದರು.

"ಆ ಹಸರ ಸೀರಿ ಎಲ್ಲಿ ಇಟ್ಟೀದಿ?" ಅಂತ ಕೇಳುತ್ತ ಒಳಗೆ ಹೋದರು.

ಈಗಲೂ ಹೋಗಿ ಬರುತ್ತಿದ್ದೇವೆ. ಅತ್ತೆ ಆ ರಾತ್ರಿಯ ಊಟಕ್ಕೆ ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಏನು ಹೇಳಿದರೋ ನನಗೆ ಗೊತ್ತಿಲ್ಲ. ಈಗ ವಾರ ಬಿಟ್ಟು ವಾರ ಶುಕ್ರವಾರ ನಮ್ಮ ಮನೆಯವರು ಅಂಗಡಿಯ ಬಾಗಿಲೆಳೆದು ತಾವೇ ಕರೆದೊಯ್ಯುತ್ತಾರೆ. ಆ ಶುಕ್ರವಾರಗಳಲ್ಲಿ ನಾನು ಮಧ್ಯಾಹ್ನ ಒಂದು ಗಳಿಗೆ ಮಲಗುತ್ತೇನೆ. ಅದು ಎಷ್ಟು ದೊಡ್ಡ ಉಪಕಾರ ಅಂತ ಮಲಗಿದವಳಿಗೇ ಗೊತ್ತು.

ದಣಿವು ಹೋಗಿಲ್ಲ. ಅತ್ತೆಯ ಕಾಯಿಲೆ ವಾಸಿಯಾಗುವಂಥದ್ದಲ್ಲ, ಎಷ್ಟು ದಿನ ಅಂತ ಆ ವೀರಭದ್ರನಿಗೇ ಗೊತ್ತು. ಆದರೆ ಒಂದು ಬದಲಾಗಿದೆ. ದಾರಿಯಲ್ಲಿ ಅವರು, "ದಣದೀಯೇನ?" ಅಂತ ಕೇಳಿದರೆ ನಾನು "ಹೂನ್ರಿ" ಅನ್ನುತ್ತೇನೆ. ನಾನು ಕೇಳಿದರೆ ಅವರೂ "ಹೂನ ಯವ್ವಾ" ಅನ್ನುತ್ತಾರೆ. ಅಷ್ಟು ಹೇಳಿಕೊಂಡು ಇಬ್ಬರೂ ಸುಮ್ಮನಾಗುತ್ತೇವೆ. ಆ ಸುಮ್ಮನಿರುವಿಕೆಯಲ್ಲಿ ಊರು ಬಂದುಬಿಡುತ್ತದೆ.